ಬೆಣ್ಣೆ ಹಣ್ಣಿನ ಬೆಲೆ ಏರುತ್ತಿದೆ: ಮನೆಯಂಗಳದಲ್ಲೇ ಮರ ಬೆಳೆಸಲು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಹಣ್ಣಿನ ಅಂಗಡಿಗಳಲ್ಲಿ ಈಗ ನಮ್ಮ ಕಡೆಯ ಬೆಣ್ಣೆ ಹಣ್ಣು ಸೀಸನ್ನಿನಲ್ಲೇ ಕಿಲೋಗೆ 200 ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಸೀಸನ್ ಮುಗಿದರೆ 300 ದಾಟುವುದೂ ಉಂಟು. ಹೊರದೇಶದ ಹ್ಯಾಸ್ ತಳಿಯಾದರೆ ಒಂದೊಂದು ಹಣ್ಣಿಗೇ ನೂರರ ಮೇಲೆ ಕೊಡಬೇಕು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಹಿರಿಯರಿಗೆ ಇದು ನಂಬಲಾಗದ ಮಾತು. ಅವರು ಕಂಡಂತೆ ಇದು ಕಾಫಿ ಗಿಡಗಳ ನಡುವೆ ನೆರಳಿಗೆಂದು ನಿಂತಿದ್ದ ಮರ. ಮಳೆಗಾಲದಲ್ಲಿ ಹಣ್ಣು ಉದುರಿ ಮಣ್ಣು ಸೇರುತ್ತಿತ್ತು. ತೋಟದ ಕೆಲಸಗಾರರ ಲೈನ್‌ಮನೆಯ ಮಕ್ಕಳು ಆರಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಪೇಟೆಗೆ ಕಳಿಸಿದರೆ ಲಾರಿ ಬಾಡಿಗೆಯೂ ಗಿಟ್ಟುವುದಿಲ್ಲ ಎನ್ನುತ್ತಿದ್ದರು.

ಬೆಲೆ ಏರಿದ್ದರ ಹಿಂದೆ ಗುಟ್ಟೇನಿಲ್ಲ. ಮೊದಲು ಬೆಣ್ಣೆ ಹಣ್ಣಿಗಿದ್ದ ಗಿರಾಕಿ ಎಂದರೆ ಜ್ಯೂಸ್ ಅಂಗಡಿ. ಹಾಲು, ಸಕ್ಕರೆ ಹಾಕಿ ಗಟ್ಟಿಯಾಗಿ ತಿರುವಿ ಕೊಡುವ ಬಟರ್ ಫ್ರೂಟ್ ಜ್ಯೂಸ್ ಬೆಂಗಳೂರಿನವರಿಗೆ ಹಳೆಯ ಪರಿಚಯ. ಈಗ ಅದರ ಜೊತೆಗೆ ಹೋಟೆಲ್, ಕೆಫೆ, ಜಿಮ್‌ಗೆ ಹೋಗುವವರು, ಸಕ್ಕರೆ ಕಾಯಿಲೆಯವರು, ಆರು ತಿಂಗಳ ಮಗುವಿಗೆ ಮೊದಲ ತುತ್ತು ತಿನ್ನಿಸುವ ತಾಯಂದಿರು, ಎಲ್ಲರೂ ಕೇಳುತ್ತಿದ್ದಾರೆ. ಮರಗಳು ಮಾತ್ರ ಬೇಡಿಕೆಯಷ್ಟು ಬೇಗ ಬೆಳೆಯಲಿಲ್ಲ. ಕರ್ನಾಟಕದ ಹಣ್ಣಿನಲ್ಲಿ ದೊಡ್ಡ ಪಾಲು ಕಾಫಿ ತೋಟಗಳಲ್ಲಿ ಬೀಜದಿಂದ ತಾನಾಗಿ ಎದ್ದ ಹಳೆಯ ಮರಗಳದ್ದು. ಒಂದು ವರ್ಷ ಮೈತುಂಬ ಬಿಟ್ಟ ಮರ ಮರುವರ್ಷ ಸುಮ್ಮನಿರುತ್ತದೆ. ನಲವತ್ತು ಅಡಿ ಎತ್ತರದಿಂದ ಕೆಡವಿದ ಹಣ್ಣು ಜಜ್ಜಿಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಹಣ್ಣು ಒಮ್ಮೆಲೇ ಬಂದು ಮುಗಿಯುತ್ತದೆ. ಆಮೇಲೆ ಅಂಗಡಿಯಲ್ಲಿ ಹೆಚ್ಚಾಗಿ ಕಾಣುವುದು ಟಾಂಜಾನಿಯಾ, ಕೀನ್ಯಾ, ಪೆರು, ನ್ಯೂಜಿಲೆಂಡ್ ಕಡೆಯಿಂದ ಬಂದದ್ದು.

ಎಕರೆಗೆ ಇಷ್ಟು ಲಕ್ಷ ಎಂದು ಹೇಳುವ ವಿಡಿಯೋಗಳಿಗೇನೂ ಕೊರತೆಯಿಲ್ಲ. ಈ ಬರಹ ಅದಕ್ಕಲ್ಲ. ಹಿತ್ತಿಲಲ್ಲೋ ಮನೆಮುಂದಿನ ಅಂಗಳದಲ್ಲೋ ಒಂದೆರಡು ಮರ ಬೆಳೆಸಿ, ಮನೆಮಂದಿ ತಿಂದು, ಉಳಿದರೆ ನೆಂಟರಿಗೆ ಕೊಟ್ಟು, ಇನ್ನೂ ಮಿಕ್ಕರೆ ಮಾರಬೇಕು ಎನ್ನುವವರಿಗೆ ಇದು. ಮನೆಯಲ್ಲಿ ನೆಟ್ಟ ಬೆಣ್ಣೆ ಹಣ್ಣಿನ ಗಿಡಗಳಲ್ಲಿ ಬಹಳಷ್ಟು ಮೂರು ವರ್ಷ ತುಂಬುವ ಮೊದಲೇ ಸಾಯುತ್ತವೆ. ಗೊಬ್ಬರದ ಕೊರತೆಯಾಗಲಿ ಹುಳದ ಕಾಟವಾಗಲಿ ಅದಕ್ಕೆ ಮುಖ್ಯ ಕಾರಣವಲ್ಲ. ಬೇರಿನ ಬಳಿ ನೀರು ನಿಂತು ಸಾಯುತ್ತವೆ. ಮುಂದೆ ಬರುವ ಮಾತುಗಳಲ್ಲಿ ಬೇರೆಲ್ಲ ಮರೆತರೂ ಇದೊಂದು ನೆನಪಿರಲಿ.

ನಿಮ್ಮೂರಿಗೆ ಒಗ್ಗುತ್ತದೆಯೇ?

ಮೂಲದಲ್ಲಿ ಇದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮರ. ತಂಪು ಗುಡ್ಡಗಾಡು ಇದಕ್ಕೆ ಒಗ್ಗುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನದ ಮಲೆನಾಡು ಭಾಗ ಹೇಳಿ ಮಾಡಿಸಿದ ಜಾಗ. ಬೆಂಗಳೂರು, ಮೈಸೂರು, ಬೆಳಗಾವಿಯ ಹವೆಯಲ್ಲೂ ಚೆನ್ನಾಗಿ ಬರುತ್ತದೆ. ಬೆಂಗಳೂರಿನ ಹಳೆಯ ಬಂಗಲೆಗಳ ಹಿತ್ತಿಲಲ್ಲಿ ದೊಡ್ಡ ಮರಗಳು ಇವತ್ತಿಗೂ ಇವೆ. ಕರಾವಳಿಯಲ್ಲಿ ಸೆಕೆ ತಡೆಯುವ ತಳಿ ಹಾಕಿದರೆ ಆಗುತ್ತದೆ. ಅಲ್ಲಿಯ ಮಳೆಗೆ ಮಾತ್ರ ಬೇರು ಕೊಳೆಯದ ಹಾಗೆ ಮೊದಲೇ ಏರ್ಪಾಡು ಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟಿ ಒಣಗಾಳಿ ಬೀಸುವ ಕಲಬುರಗಿ, ರಾಯಚೂರು ಕಡೆಯವರಿಗೆ ನಾನು ಇದನ್ನು ಹಾಕಿ ಎನ್ನಲಾರೆ. ಗಿಡ ಬದುಕಬಹುದು, ಎಳೆಗಾಯಿ ನಿಲ್ಲುವುದು ಕಷ್ಟ.

ಮಣ್ಣಿನ ವಿಷಯಕ್ಕೆ ಬಂದರೆ ಕೆಂಪು ಗರಸು ಮಣ್ಣು ಅತ್ಯುತ್ತಮ, ಎರೆಮಣ್ಣು ಅತಿ ಕಷ್ಟ. ನಿಮ್ಮ ಜಾಗ ಹೇಗಿದೆ ಎಂದು ತಿಳಿಯಲು ಒಂದಡಿ ಆಳ, ಒಂದಡಿ ಅಗಲದ ಗುಂಡಿ ತೋಡಿ ನೀರು ತುಂಬಿಸಿ. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸಿ ಗಡಿಯಾರ ನೋಡಿಕೊಳ್ಳಿ. ಎರಡನೇ ಸಲದ ನೀರು ಮೂರು ನಾಲ್ಕು ಗಂಟೆಯಲ್ಲಿ ಇಂಗಿದರೆ ಒಳ್ಳೆಯದು. ಮರುದಿನ ಬೆಳಿಗ್ಗೆಯೂ ನಿಂತಿದ್ದರೆ ಆ ಜಾಗದಲ್ಲಿ ನೆಲಮಟ್ಟದಲ್ಲಿ ನೆಡುವ ಯೋಚನೆಯನ್ನೇ ಬಿಡಿ.

ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ಮನೆ ಗೋಡೆ, ಸಂಪು, ಒಳಚರಂಡಿ ಪೈಪಿನಿಂದ ಕನಿಷ್ಠ ಹತ್ತು ಅಡಿ ದೂರ ಇರಲಿ. 30-40 ಸೈಟಿನಲ್ಲಿ ಮನೆ ಕಟ್ಟಿ ಉಳಿದ ಮೂರಡಿ ಓಣಿಯಲ್ಲಿ ಇದನ್ನು ಹಾಕಬೇಡಿ. ಅಲ್ಲಿಗೆ ಕರಿಬೇವು, ನಿಂಬೆ ಸಾಕು.

ತಳಿ ಆರಿಸುವುದು

ಬೆಣ್ಣೆ ಹಣ್ಣಿನಲ್ಲಿ ಮೂರು ಮೂಲ ಕುಲಗಳಿವೆ: ಮೆಕ್ಸಿಕನ್, ಗ್ವಾಟೆಮಾಲನ್, ವೆಸ್ಟ್ ಇಂಡಿಯನ್. ಮೊದಲಿನ ಎರಡು ಚಳಿ ತಡೆಯುತ್ತವೆ, ತಿರುಳಿನಲ್ಲಿ ಎಣ್ಣೆಯಂಶ ಹೆಚ್ಚು, ರುಚಿ ಗಟ್ಟಿ. ವೆಸ್ಟ್ ಇಂಡಿಯನ್ ಕುಲ ಸೆಕೆ ತಡೆಯುತ್ತದೆ. ಹಣ್ಣು ದೊಡ್ಡದು, ಸಿಪ್ಪೆ ನಯ, ತಿರುಳು ಸ್ವಲ್ಪ ನೀರು ನೀರು. ಇವತ್ತಿನ ತಳಿಗಳಲ್ಲಿ ಬಹುಪಾಲು ಇವುಗಳ ಮಿಶ್ರಣ.

ಎಲ್ಲರೂ ಕೇಳುವುದು ಹ್ಯಾಸ್. ಕ್ಯಾಲಿಫೋರ್ನಿಯಾದಲ್ಲಿ ರುಡಾಲ್ಫ್ ಹ್ಯಾಸ್ ಎಂಬ ಅಂಚೆಯವರು ಬೀಜದಿಂದ ಬೆಳೆಸಿದ ಒಂದು ಮರದ ಸಂತತಿ ಇದು. 1935ರಲ್ಲಿ ಅವರು ಅದಕ್ಕೆ ಪೇಟೆಂಟ್ ಪಡೆದರು. ಸಿಪ್ಪೆ ದಪ್ಪ, ದೂರದ ಪ್ರಯಾಣ ತಾಳುತ್ತದೆ. ಜಗತ್ತಿನ ಮಾರುಕಟ್ಟೆ ಅದನ್ನೇ ಹಿಡಿದುಕೊಂಡಿದ್ದು ಅದಕ್ಕೇ. ನಮ್ಮ ಹಿತ್ತಿಲಿನ ಹಣ್ಣು ಹಡಗು ಹತ್ತಬೇಕಿಲ್ಲವಲ್ಲ! ಸೆಕೆ ಊರಿನಲ್ಲಿ ಹ್ಯಾಸ್ ಕಾಯಿ ಸಣ್ಣದಾಗುತ್ತದೆ, ಸಸಿಯ ಬೆಲೆಯೂ ನಮ್ಮ ಕಸಿಗಿಡಕ್ಕಿಂತ ಹಲವು ಪಟ್ಟು. ಮಡಿಕೇರಿ, ಮೂಡಿಗೆರೆಯಂಥ ತಂಪು ಎತ್ತರದಲ್ಲಿದ್ದರೆ ಹಾಕಿ ನೋಡಬಹುದು. ಉಳಿದವರಿಗೆ ನನ್ನ ಸಲಹೆ ನಮ್ಮ ನೆಲದಲ್ಲೇ ಆಯ್ದ ತಳಿ.

ಕೊಡಗಿನ ಚೆಟ್ಟಳ್ಳಿಯಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವಿದೆ. ಅಲ್ಲಿಂದ ಬಂದ ಅರ್ಕಾ ಸುಪ್ರೀಂ ಮತ್ತು ಅರ್ಕಾ ಕೂರ್ಗ್ ರವಿ ನಮ್ಮ ಹವೆಯಲ್ಲೇ ಪರೀಕ್ಷೆಯಾದ ತಳಿಗಳು. ತಮಿಳುನಾಡಿನ ತಡಿಯನ್‌ಕುಡಿಸೈ ಸಂಶೋಧನಾ ಕೇಂದ್ರದ ಟಿಕೆಡಿ-1 ಕೂಡ ಹಳೆಯ, ನಂಬಬಹುದಾದ ಆಯ್ಕೆ. ಇದಕ್ಕಿಂತಲೂ ಒಳ್ಳೆಯ ದಾರಿ ಒಂದಿದೆ. ನಿಮ್ಮೂರಲ್ಲೇ ಹತ್ತಾರು ವರ್ಷದಿಂದ ಚೆನ್ನಾಗಿ ಬಿಡುತ್ತಿರುವ, ನಾರಿಲ್ಲದ, ಬೀಜ ಚಿಕ್ಕದಿರುವ ಮರ ಯಾರ ಮನೆಯಲ್ಲಿದೆ ಎಂದು ವಿಚಾರಿಸಿ. ಆ ಮರದಿಂದ ಕಸಿ ಮಾಡಿಸಿಕೊಂಡರೆ ತಳಿಯ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಆ ಊರಿನ ಮಳೆ, ಸೆಕೆ, ನೀರು ಎಲ್ಲವನ್ನೂ ಅದು ದಾಟಿ ಬಂದಿದೆ.

ಸಸಿ ಕೊಳ್ಳುವಾಗ ಏನು ನೋಡಬೇಕು

ಬೀಜದ ಸಸಿಯನ್ನೇ ಕಸಿಗಿಡ ಎಂದು ಮಾರುವುದು ಸಾಮಾನ್ಯ. ಕಾಂಡವನ್ನು ಬುಡದಿಂದ ನಿಧಾನವಾಗಿ ನೋಡುತ್ತ ಬನ್ನಿ. ಮಣ್ಣಿನಿಂದ ಅರ್ಧ ಅಡಿಯಿಂದ ಒಂದಡಿ ಒಳಗೆ ಎಲ್ಲೋ ಒಂದು ಕಡೆ ಗಂಟು ಕಾಣಬೇಕು. ಅದರ ಒಂದು ಪಕ್ಕದಲ್ಲಾದರೂ ‘ವಿ’ ಆಕಾರದ ಮಾಸಿದ ಗಾಯದ ಗೆರೆ ಇರುತ್ತದೆ. ಗೆರೆಯ ಕೆಳಗೆ ತೊಗಟೆ ಒಂದು ಬಣ್ಣ, ಮೇಲೆ ಸ್ವಲ್ಪ ಬೇರೆ. ಪ್ಲಾಸ್ಟಿಕ್ ಪಟ್ಟಿ ಇನ್ನೂ ಸುತ್ತಿದ್ದರೆ ಬಿಚ್ಚಿಸಿ ನೋಡಿ, ಒಳಗೆ ಬೆಸುಗೆ ಕೂಡಿದೆಯೇ ಕಪ್ಪಾಗಿದೆಯೇ ಗೊತ್ತಾಗುತ್ತದೆ. ಗಂಟಿನ ಮೇಲೆ ಕನಿಷ್ಠ ಎರಡು ಸುತ್ತು ಎಲೆ ಬಲಿತಿರಬೇಕು.

ಆಮೇಲೆ ಚೀಲ ತಿರುಗಿಸಿ ತಳ ನೋಡಿ. ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದರೆ, ಮಣ್ಣಿನಿಂದ ಕೊಳೆತ ವಾಸನೆ ಬಂದರೆ ಆ ಸಸಿ ಬೇಡ. ಎಲೆಯ ತುದಿ ಕಂದು ಬಣ್ಣಕ್ಕೆ ಸುಟ್ಟಂತಿದ್ದರೆ ನರ್ಸರಿಯವರು ಉಪ್ಪು ನೀರು ಹಾಕುತ್ತಿದ್ದಾರೆ ಎಂದರ್ಥ. ತೋಟಗಾರಿಕೆ ಇಲಾಖೆಯ ನರ್ಸರಿ, ಚೆಟ್ಟಳ್ಳಿ ಕೇಂದ್ರ, ಬೆಂಗಳೂರಿನ ಹೆಸರಘಟ್ಟದಲ್ಲಿರುವ ಅದೇ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಸಸಿ ಬೇಗ ಖಾಲಿಯಾಗುತ್ತದೆ, ಮಳೆಗಾಲಕ್ಕೆ ಮುಂಚೆಯೇ ಕೇಳಿಟ್ಟುಕೊಳ್ಳುವುದು ವಾಸಿ.

ಬೀಜ ಹಾಕಿ ನೀವೇ ಕಸಿ ಮಾಡುವುದಾದರೆ

ತಿಂದು ಉಳಿದ ಬೀಜ ಎಸೆಯಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಬೀಜದ ಮರ ಹಣ್ಣು ಕೊಡಲು ಆರರಿಂದ ಹತ್ತು ವರ್ಷ ತೆಗೆದುಕೊಳ್ಳಬಹುದು, ತಾಯಿ ಮರದ ಗುಣ ಬರುತ್ತದೆಂಬ ಖಾತ್ರಿಯೂ ಇಲ್ಲ. ಕಸಿಗಿಡ ಮೂರು ನಾಲ್ಕು ವರ್ಷಕ್ಕೆ ಹೂ ಬಿಡುತ್ತದೆ. ಹಾಗಾಗಿ ಬೀಜದ ಸಸಿಯನ್ನು ಬೇರಿಗೆಂದು ಬೆಳೆಸಿ, ಅದರ ಮೇಲೆ ಒಳ್ಳೆಯ ಮರದ ಕಡ್ಡಿ ಕೂರಿಸಿ.

ಬೀಜ ತೊಳೆದು ಎರಡು ಮೂರು ವಾರದೊಳಗೆ ಹಾಕಿಬಿಡಬೇಕು, ಒಣಗಿದರೆ ಹುಟ್ಟುವುದಿಲ್ಲ. ಕಂದು ಸಿಪ್ಪೆ ಸುಲಿದು, ಅಗಲವಾದ ತಳ ಕೆಳಗೆ, ಚೂಪು ತುದಿ ಮೇಲೆ ಬರುವಂತೆ ಉದ್ದನೆಯ ಚೀಲದಲ್ಲಿ ಊರಿ. ತುದಿ ಮಣ್ಣಿನಿಂದ ಸ್ವಲ್ಪ ಹೊರಗಿರಲಿ. ಲೋಟದ ನೀರಿನಲ್ಲಿ ಕಡ್ಡಿ ಚುಚ್ಚಿ ಇಡುವ ಪದ್ಧತಿ ಮಕ್ಕಳಿಗೆ ತೋರಿಸಲು ಚೆಂದ, ಗಿಡಕ್ಕೆ ಮಣ್ಣೇ ಮೇಲು. ನಾಲ್ಕರಿಂದ ಎಂಟು ವಾರದಲ್ಲಿ ಮೊಳಕೆ ಬರುತ್ತದೆ.

ಕಾಂಡ ಪೆನ್ಸಿಲ್ ದಪ್ಪಕ್ಕೆ ಬಂದಾಗ ಕಸಿ ಮಾಡಬಹುದು. ಮಳೆ ಹಿಂದಾಗಿ, ಬಿರುಬಿಸಿಲು ಇನ್ನೂ ಶುರುವಾಗದ ಅಕ್ಟೋಬರ್‌ನಿಂದ ಫೆಬ್ರವರಿ ನಡುವಿನ ಸಮಯ ಅನುಕೂಲ. ಆಯ್ದ ಮರದಲ್ಲಿ ಬಲಿತ, ತುದಿಮೊಗ್ಗು ಉಬ್ಬಿರುವ, ಇನ್ನೂ ಚಿಗುರೊಡೆಯದ ಕೊಂಬೆ ಗುರುತಿಸಿ. ಹತ್ತು ದಿನ ಮೊದಲೇ ಅದರ ಎಲೆಗಳನ್ನು ಕತ್ತರಿಸಿ, ತೊಟ್ಟು ಮಾತ್ರ ಉಳಿಸಿ. ಕಸಿಯ ದಿನ ನಾಲ್ಕೈದು ಅಂಗುಲದ ಕಡ್ಡಿ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಬೀಜದ ಸಸಿಯ ತಲೆ ಕತ್ತರಿಸಿ, ನಡುವೆ ಒಂದೂವರೆ ಅಂಗುಲ ಸೀಳಿ. ಕಡ್ಡಿಯ ಬುಡವನ್ನು ಎರಡೂ ಕಡೆ ಒಂದೇ ಎಳೆತದಲ್ಲಿ ಹೆರೆದು ಬೆಣೆ ಮಾಡಿ ಸೀಳಿನೊಳಗೆ ಇಳಿಸಿ. ಒಂದು ಬದಿಯಲ್ಲಾದರೂ ಎರಡರ ತೊಗಟೆಯ ಅಂಚು ಸರಿಯಾಗಿ ಕೂಡಲೇಬೇಕು. ಕಸಿ ಹಿಡಿಯುವುದು ಬಿಡುವುದು ಆ ಅಂಚಿನಲ್ಲೇ ತೀರ್ಮಾನವಾಗುತ್ತದೆ. ಕಸಿಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲಿನಿಂದ ಐಸ್‌ಕ್ಯಾಂಡಿಯಂಥ ತೆಳು ಪ್ಲಾಸ್ಟಿಕ್ ಕೊಳವೆ ತೊಡಿಸಿ ಕಟ್ಟಿ, ನೆರಳಿನಲ್ಲಿಡಿ. ಮೂರು ನಾಲ್ಕು ವಾರದಲ್ಲಿ ಚಿಗುರು ಕೊಳವೆಯೊಳಗೆ ಹಸಿರಾಗಿ ಕಾಣುತ್ತದೆ, ಆಗ ಅದನ್ನು ತೆಗೆಯಿರಿ. ಕಸಿಗಂಟಿನ ಕೆಳಗೆ ಬರುವ ಚಿಗುರನ್ನು ಕಂಡ ಕೂಡಲೇ ಚಿವುಟಿ.

ನೆಡುವುದು: ಗುಂಡಿಯಲ್ಲಿ ಬೇಡ, ದಿಬ್ಬದ ಮೇಲೆ

ನಮ್ಮಲ್ಲಿ ಯಾವ ಗಿಡಕ್ಕೂ ಮೂರಡಿ ಗುಂಡಿ ತೆಗೆದು, ಗೊಬ್ಬರ ತುಂಬಿ, ನಡುವೆ ಸಸಿ ಇಟ್ಟು, ಸುತ್ತ ಪಾತಿ ಮಾಡಿ ನೀರು ನಿಲ್ಲಿಸುವುದು ರೂಢಿ. ತೆಂಗಿಗೆ ಸರಿ. ಬೆಣ್ಣೆ ಹಣ್ಣಿಗೆ ಅದು ಮರಣಶಾಸನ. ಗಟ್ಟಿ ನೆಲದಲ್ಲಿ ತೆಗೆದ ಗುಂಡಿಗೆ ಸಡಿಲ ಗೊಬ್ಬರ ತುಂಬಿದರೆ ಸುತ್ತಲಿನ ನೀರೆಲ್ಲ ಅದಕ್ಕೇ ಇಳಿದು, ಗುಂಡಿ ಒಂದು ತೊಟ್ಟಿಯಾಗುತ್ತದೆ. ಈ ಮರದ ಆಹಾರ ಹೀರುವ ಬೇರುಗಳು ಮೇಲಿನ ಒಂದಡಿ ಮಣ್ಣಿನಲ್ಲೇ ಹರಡುತ್ತವೆ. ಬೇರುರೋಮಗಳು ಬಹಳ ಕಡಿಮೆ. ಗಾಳಿಯಾಡದಿದ್ದರೆ ಬೇರು ಉಸಿರುಗಟ್ಟುತ್ತದೆ, ಜೊತೆಗೆ ಫೈಟಾಫ್ತೊರಾ ಎಂಬ, ಶಿಲೀಂಧ್ರವನ್ನು ಹೋಲುವ ಕೊಳೆರೋಗದ ಸೂಕ್ಷ್ಮಜೀವಿ ಸೇರಿಕೊಳ್ಳುತ್ತದೆ. ಅಡಿಕೆ, ಕಾಳುಮೆಣಸಿನವರಿಗೆ ಈ ಹೆಸರು ಚೆನ್ನಾಗಿ ಗೊತ್ತು. ಇಲ್ಲಿ ಬರುವುದು ಅದೇ ಕುಲದ ಇನ್ನೊಂದು ಪ್ರಭೇದ.

ಹಾಗಾದರೆ ಹೇಗೆ ನೆಡಬೇಕು? ಐದಾರು ಅಡಿ ಅಗಲದ ಜಾಗವನ್ನು ಗುದ್ದಲಿಯಿಂದ ಒಂದಡಿ ಆಳಕ್ಕೆ ಸಡಿಲ ಮಾಡಿ, ಮಣ್ಣು ಹೊರಗೆ ತೆಗೆಯಬೇಡಿ. ಅದರ ಮೇಲೆ ಮೇಲ್ಮಣ್ಣು ತಂದು ಸುರಿದು ಒಂದೂವರೆಯಿಂದ ಎರಡು ಅಡಿ ಎತ್ತರದ, ಇಳಿಜಾರಾದ ದಿಬ್ಬ ಮಾಡಿ. ಹತ್ತು ಬುಟ್ಟಿ ಮಣ್ಣಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಜೇಡಿ ಹೆಚ್ಚಿದ್ದರೆ ಎರಡು ಬುಟ್ಟಿ ದಪ್ಪ ಮರಳು ಸೇರಿಸಿ. ಒಂದು ಕಿಲೋ ಬೇವಿನ ಹಿಂಡಿಯನ್ನೂ, ಗೊಬ್ಬರದಲ್ಲಿ ವಾರ ಹತ್ತು ದಿನ ಮೊದಲೇ ಬೆರೆಸಿಟ್ಟ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಉಪಕಾರಿ ಶಿಲೀಂಧ್ರ) ಪುಡಿಯನ್ನೂ ಕಲಸಿ. ಹಸಿ ಸಗಣಿ ಹಾಕಬೇಡಿ. ದಿಬ್ಬ ಒಂದೆರಡು ಮಳೆಗೆ ಕುಸಿದು ಕೂರಲಿ, ಆಮೇಲೆ ನೆಡಿ.

ಬಯಲುಸೀಮೆಯಲ್ಲಿ ಜೂನ್, ಜುಲೈನಲ್ಲಿ ನೆಡಬಹುದು. ಮಲೆನಾಡು, ಕರಾವಳಿಯಲ್ಲಿ ಜೋರು ಮಳೆ ಹಿಂದಾದ ಮೇಲೆ, ಸೆಪ್ಟೆಂಬರ್ ಸುಮಾರಿಗೆ ನೆಟ್ಟರೆ ಎಳೆಬೇರಿಗೆ ಕಷ್ಟವಿಲ್ಲ. ಚೀಲವನ್ನು ಬ್ಲೇಡಿನಿಂದ ಉದ್ದಕ್ಕೆ ಕೊಯ್ದು, ಮಣ್ಣಿನ ಹೆಂಟೆ ಒಡೆಯದಂತೆ ಎರಡೂ ಕೈಯಲ್ಲಿ ಎತ್ತಿ ಇಡಿ. ಚೀಲದಲ್ಲಿ ಮಣ್ಣಿನ ಮಟ್ಟ ಎಲ್ಲಿತ್ತೋ ದಿಬ್ಬದಲ್ಲೂ ಅಲ್ಲೇ ಇರಬೇಕು, ಬೇಕಿದ್ದರೆ ಒಂದಂಗುಲ ಮೇಲಿರಲಿ. ಕಸಿಗಂಟು ಯಾವ ಕಾರಣಕ್ಕೂ ಮಣ್ಣಿನೊಳಗೆ ಹೋಗಬಾರದು. ಕಾಲಿನಿಂದ ತುಳಿದು ಗಟ್ಟಿ ಮಾಡಬೇಡಿ, ಕೈಯಲ್ಲಿ ಒತ್ತಿ ನೀರು ಕೊಟ್ಟರೆ ಮಣ್ಣು ತಾನೇ ಕೂರುತ್ತದೆ. ಪಕ್ಕದಲ್ಲಿ ಗೂಟ ನೆಟ್ಟು ಸಡಿಲವಾಗಿ ಕಟ್ಟಿ.

ಕೊನೆಯಲ್ಲಿ ಮುಚ್ಚಿಗೆ. ಒಣ ಎಲೆ, ರಾಗಿ ಹುಲ್ಲು, ಕಾಫಿ ಸಿಪ್ಪೆ, ಮರದ ಚಕ್ಕೆ, ಯಾವುದು ಸಿಕ್ಕರೂ ಸರಿ, ನಾಲ್ಕರಿಂದ ಆರು ಅಂಗುಲ ದಪ್ಪಕ್ಕೆ ಹರಡಿ. ಕಾಂಡದ ಸುತ್ತ ಅರ್ಧ ಅಡಿ ಖಾಲಿ ಬಿಡಿ. ಮುಚ್ಚಿಗೆಯ ಕೆಳಗೆ ಬಿಳಿ ಬೇರು ಹರಡಿಕೊಳ್ಳುವುದನ್ನು ಒಂದು ವರ್ಷದ ಮೇಲೆ ಕೈಯಿಂದ ಸರಿಸಿ ನೋಡಬಹುದು. ಕಾಡಿನಲ್ಲಿ ಈ ಮರ ತನ್ನದೇ ಎಲೆಯ ರಾಶಿಯಲ್ಲಿ ಬದುಕುತ್ತದೆ. ಹಾಗಾಗಿ ಬುಡ ಗುಡಿಸಿ ಚೊಕ್ಕಟ ಇಡುವ ಅಭ್ಯಾಸ ಇಲ್ಲಿ ಬೇಡ. ಬುಡವನ್ನು ಗುದ್ದಲಿಯಿಂದ ಅಗೆಯುವುದಂತೂ ಬೇಡವೇ ಬೇಡ.

ಮೊದಲ ಬೇಸಿಗೆಯಲ್ಲಿ ಪಡುವಣ ಬಿಸಿಲಿಗೆ ನೆರಳು ಬಲೆಯನ್ನೋ ತೆಂಗಿನ ಗರಿಯನ್ನೋ ಕಟ್ಟಿ. ಎಳೆ ತೊಗಟೆ ಬಿಸಿಲಿಗೆ ಸುಲಭವಾಗಿ ಸುಡುತ್ತದೆ. ಸುಣ್ಣವನ್ನು ತೆಳುವಾಗಿ ನೀರಲ್ಲಿ ಕಲಸಿ ಕಾಂಡಕ್ಕೆ ಬಳಿದರೆ ಕಾಪಾಡಿದಂತೆ.

ನೀರು

ಮೊದಲ ವರ್ಷ ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ಎಂಟು ಹತ್ತು ಲೀಟರ್. ಇದು ಅಂದಾಜು ಮಾತ್ರ, ತೀರ್ಪು ನಿಮ್ಮ ಬೆರಳಿನದು. ಮುಚ್ಚಿಗೆ ಸರಿಸಿ ಮೂರು ಅಂಗುಲ ಒಳಗೆ ಬೆರಳಿಟ್ಟು ನೋಡಿ, ತಂಪಾಗಿ ತೇವವಿದ್ದರೆ ಆ ದಿನ ನೀರು ಬೇಡ. ಕಾಯಿ ಬಿಡುವ ಮರಕ್ಕೆ ಬೇಸಿಗೆಯಲ್ಲಿ ವಾರಕ್ಕೆರಡು ಸಲ ಐವತ್ತು ಅರವತ್ತು ಲೀಟರ್ ಬೇಕಾಗುತ್ತದೆ. ಅದನ್ನು ಕೊಂಬೆ ಹರಡಿದಷ್ಟು ಅಗಲಕ್ಕೂ ಕೊಡಬೇಕು, ಕಾಂಡದ ಬುಡಕ್ಕೆ ಸುರಿಯಬಾರದು.

ಬೆಂಗಳೂರಿನವರಿಗೆ ಇನ್ನೊಂದು ತೊಡಕು ಬೋರ್‌ವೆಲ್ ನೀರು. ನೀರಿನಲ್ಲಿ ಉಪ್ಪಿನಂಶ, ಅದರಲ್ಲೂ ಕ್ಲೋರೈಡ್ ಹೆಚ್ಚಿದ್ದರೆ ಈ ಗಿಡ ಸಹಿಸುವುದಿಲ್ಲ. ಹಳೆಯ ಎಲೆಗಳ ತುದಿಯಿಂದ ಶುರುವಾಗಿ ಅಂಚಿನ ಉದ್ದಕ್ಕೂ ಕಂದು ಬಣ್ಣಕ್ಕೆ ಸುಟ್ಟುಕೊಳ್ಳುತ್ತದೆ. ಇದನ್ನು ರೋಗವೆಂದು ತಿಳಿದು ಔಷಧಿ ಹೊಡೆದವರನ್ನು ನೋಡಿದ್ದೇನೆ. ಮಳೆನೀರು ಕೂಡಿಟ್ಟು ಕೊಡಿ, ಆಗದಿದ್ದರೆ ತಿಂಗಳಿಗೊಮ್ಮೆ ಒಳ್ಳೆಯ ನೀರನ್ನು ಧಾರಾಳವಾಗಿ ಕೊಟ್ಟು ಉಪ್ಪನ್ನು ಕೆಳಕ್ಕೆ ಇಳಿಸಿ. ದಿಬ್ಬ ಬಸಿಯುವಂತಿದ್ದರೆ ಮಾತ್ರ ಇದು ಸಾಧ್ಯ.

ಗೊಬ್ಬರ

ಮೊದಲ ಮೂರು ತಿಂಗಳು ಏನೂ ಬೇಡ. ಆಮೇಲೆ ವರ್ಷಕ್ಕೆ ಮೂರು ಸಲ ಐದು ಕಿಲೋ ಕಳಿತ ಗೊಬ್ಬರ, ಕಾಲು ಕಿಲೋ ಬೇವಿನ ಹಿಂಡಿ. ರಸಗೊಬ್ಬರ ಕೊಡುವವರು ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿರುವ 17:17:17 ಮಿಶ್ರಗೊಬ್ಬರವನ್ನು ಎರಡು ತಿಂಗಳಿಗೊಮ್ಮೆ 50 ಗ್ರಾಂ, ಬುಡದಿಂದ ಒಂದಡಿ ದೂರದಲ್ಲಿ, ತೇವವಿರುವ ಮಣ್ಣಿಗೆ ಕೊಡಲಿ. ಮರ ದೊಡ್ಡದಾಗಿ ಕಾಯಿಗೆ ಬಂದ ಮೇಲೆ ವರ್ಷಕ್ಕೆ 20-25 ಕಿಲೋ ಗೊಬ್ಬರ, ಒಂದು ಕಿಲೋದಷ್ಟು ಮಿಶ್ರಗೊಬ್ಬರವನ್ನು ಮಳೆಗಾಲದ ಮೊದಲು ಮತ್ತು ನಂತರ ಎರಡು ಕಂತಿನಲ್ಲಿ ಕೊಟ್ಟರೆ ಸಾಕು. ಪೊಟ್ಯಾಷ್ ಬೇರೆಯಾಗಿ ಕೊಡುವುದಾದರೆ ಅಂಗಡಿಯವನು ಕೊಡುವ ಕೆಂಪು ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್) ಬೇಡ, ಅದರಲ್ಲಿ ಕ್ಲೋರೈಡ್ ಇದೆ. ಎಸ್‌ಒಪಿ (ಸಲ್ಫೇಟ್ ಆಫ್ ಪೊಟ್ಯಾಷ್) ಎಂದೇ ಕೇಳಿ ತನ್ನಿ.

ಹೊಸ ಎಲೆ ಸಣ್ಣದಾಗಿ, ನರದ ನಡುವೆ ಹಳದಿಯಾದರೆ ಸತುವಿನ ಕೊರತೆ. ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್ ಮತ್ತು ಎರಡೂವರೆ ಗ್ರಾಂ ಸುಣ್ಣ ಕಲಸಿ ಸೋಸಿ ಸಿಂಪಡಿಸಿ. ಹೂಮೊಗ್ಗು ಉಬ್ಬಿ ಇನ್ನೂ ಅರಳದಿರುವಾಗ ಲೀಟರಿಗೆ 1 ಗ್ರಾಂ ಬೋರಿಕ್ ಆಮ್ಲ ಒಮ್ಮೆ ಸಿಂಪಡಿಸಿದರೆ ಕಾಯಿ ಕಚ್ಚಲು ಅನುಕೂಲ.

ಸವರುವುದು

ಬಿಟ್ಟರೆ ಐವತ್ತು ಅಡಿ ಏರುವ ಮರ ಇದು. ಸಸಿ ಮೂರಡಿ ಆದಾಗ ತುದಿ ಚಿವುಟಿ, ಸುತ್ತ ಮೂರು ನಾಲ್ಕು ಕೊಂಬೆ ಬರಲಿ. ಕೊಯ್ಲು ಮುಗಿದ ಕೂಡಲೇ ಪ್ರತಿವರ್ಷ ಅತಿ ಎತ್ತರದ ಒಂದೆರಡು ಕೊಂಬೆಯನ್ನು ಬುಡದಿಂದಲೇ ತೆಗೆದು ಮರವನ್ನು ಹನ್ನೆರಡರಿಂದ ಹದಿನೈದು ಅಡಿಯಲ್ಲಿ ಹಿಡಿದಿಡಿ. ಎಲ್ಲವನ್ನೂ ಒಮ್ಮೆಗೇ ಬೋಳಿಸಬೇಡಿ, ಕೊಂಬೆ ಬಿಸಿಲಿಗೆ ಸುಡುತ್ತದೆ. ಕೊಯ್ದ ಗಾಯಕ್ಕೆ ಬೋರ್ಡೋ ಮುಲಾಮು ಹಚ್ಚಿ: 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು.

ಕಡಿದ ಸೊಪ್ಪನ್ನು ಮೇಕೆ, ದನ, ಮೊಲಕ್ಕೆ ಹಾಕಬೇಡಿ. ಎಲೆ, ತೊಗಟೆ, ಬೀಜದಲ್ಲಿರುವ ಪರ್ಸಿನ್ ಎಂಬ ಅಂಶ ಜಾನುವಾರುಗಳಿಗೂ ಸಾಕುಹಕ್ಕಿಗಳಿಗೂ ವಿಷ. ಹಳ್ಳಿಮನೆಗಳಲ್ಲಿ ಇದನ್ನು ಎಲ್ಲರಿಗೂ ಹೇಳಿಡಬೇಕು.

ಹೂವಿನ ವಿಚಿತ್ರ

ಮರದ ತುಂಬ ಹೂವಾಯಿತು, ಒಂದೂ ಕಾಯಿ ನಿಲ್ಲಲಿಲ್ಲ ಎಂಬ ದೂರು ಎಲ್ಲೆಡೆ ಕೇಳುತ್ತದೆ. ಸಾವಿರ ಹೂವಿಗೆ ಒಂದು ಕಾಯಿ ನಿಂತರೆ ಈ ಮರಕ್ಕೆ ಅದೇ ಒಳ್ಳೆಯ ಫಸಲು. ಕಾರಣ ಹೂವಿನ ನಡವಳಿಕೆಯಲ್ಲಿದೆ. ಒಂದೊಂದು ಹೂವೂ ಎರಡು ಸಲ ಅರಳುತ್ತದೆ, ಮೊದಲ ಸಲ ಹೆಣ್ಣಾಗಿ, ಮುಚ್ಚಿಕೊಂಡು ಮರುದಿನ ಗಂಡಾಗಿ. ‘ಎ’ ಗುಂಪಿನ ತಳಿಗಳಲ್ಲಿ ಹೆಣ್ಣು ಹಂತ ಬೆಳಿಗ್ಗೆ, ಗಂಡು ಹಂತ ಮರುದಿನ ಮಧ್ಯಾಹ್ನ. ‘ಬಿ’ ಗುಂಪಿನಲ್ಲಿ ಹೆಣ್ಣು ಮಧ್ಯಾಹ್ನ, ಗಂಡು ಮರುದಿನ ಬೆಳಿಗ್ಗೆ. ಎರಡೂ ಗುಂಪಿನ ಮರ ಹತ್ತಿರವಿದ್ದರೆ ಒಂದರ ಪರಾಗ ಇನ್ನೊಂದಕ್ಕೆ ಸರಿಯಾದ ಹೊತ್ತಿಗೆ ಸಿಗುತ್ತದೆ. ಹ್ಯಾಸ್, ಪಿಂಕರ್ಟನ್ ‘ಎ’ ಗುಂಪು. ಫುಯೆರ್ಟೆ, ಜುಟಾನೊ ‘ಬಿ’.

ಹೆಸರಿಲ್ಲದ ಊರ ಮರವಾದರೆ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಹೂವನ್ನು ಹತ್ತಿರದಿಂದ ನೋಡಿ. ಕೇಸರಗಳೆಲ್ಲ ದಳದ ಮೇಲೆ ಹೊರಕ್ಕೆ ಮಲಗಿ, ನಡುವೆ ಒಂದೇ ಒಂದು ಬಿಳಿ ಸಲಾಕೆ ನೆಟ್ಟಗೆ ನಿಂತಿದ್ದರೆ ಅದು ಹೆಣ್ಣು ಹಂತ, ಮರ ‘ಎ’ ಗುಂಪಿನದು. ಕೇಸರಗಳು ಎದ್ದು ನಿಂತು ತುದಿಯಲ್ಲಿ ಹಳದಿ ಪುಡಿ ಕಂಡರೆ ಗಂಡು ಹಂತ, ‘ಬಿ’ ಗುಂಪು. ಚಳಿ ಇರುವ ದಿನಗಳಲ್ಲಿ ಈ ಸಮಯ ಹಿಂದುಮುಂದಾಗಿ ಎರಡು ಹಂತವೂ ಒಂದೇ ಮರದಲ್ಲಿ ಕೂಡುವುದುಂಟು. ಒಂಟಿ ಮರಗಳು ಕಾಯಿ ಕೊಡುವುದು ಹೀಗೆ. ಜಾಗ ಒಂದಕ್ಕೇ ಇದ್ದರೆ ಅದೇ ಮರದ ಒಂದು ಕೊಂಬೆಗೆ ಇನ್ನೊಂದು ಗುಂಪಿನ ಕಡ್ಡಿ ಕಸಿ ಮಾಡಿ. ಪಕ್ಕದ ಮನೆಯವರು ಒಪ್ಪಿದರೆ ಅವರ ಹಿತ್ತಿಲಲ್ಲೊಂದು ನೆಡಿಸಿ.

ಪರಾಗ ಒಯ್ಯುವವರು ತುಡುವೆ ಜೇನು, ಮುಜಂಟಿ ಜೇನು, ನೊಣಗಳು. ಹೂವಿನ ಕಾಲದಲ್ಲಿ, ಅಂದರೆ ಹೆಚ್ಚಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ, ಯಾವ ಕೀಟನಾಶಕವನ್ನೂ ಮುಟ್ಟಬೇಡಿ. ಎಳೆಗಾಯಿ ಬಟಾಣಿ ಗಾತ್ರದಲ್ಲಿ ರಾಶಿ ಉದುರಿದರೂ ಗಾಬರಿ ಬೇಡ. ಆ ಸಮಯದಲ್ಲಿ ನೀರು ತಪ್ಪದಿದ್ದರೆ ನಿಲ್ಲುವಷ್ಟು ನಿಲ್ಲುತ್ತವೆ.

ರೋಗ, ಹುಳ

ಬೇರು ಕೊಳೆತದ ಲಕ್ಷಣ ಮೋಸ ಮಾಡುವಂಥದ್ದು. ಮಣ್ಣು ಒದ್ದೆ ಇದ್ದರೂ ಎಲೆ ಜೋತುಬೀಳುತ್ತದೆ. ನೀರು ಸಾಲದೆಂದು ಇನ್ನಷ್ಟು ಹಾಕುತ್ತೇವೆ, ಗಿಡ ಇನ್ನೂ ಬೇಗ ಹೋಗುತ್ತದೆ. ಎಲೆ ಸಣ್ಣದಾಗಿ ಬಿಳಿಚಿ, ತುದಿಕೊಂಬೆ ಒಣಗತೊಡಗಿದರೆ ಮುಚ್ಚಿಗೆ ಸರಿಸಿ ಸಣ್ಣ ಬೇರು ನೋಡಿ. ಬಿಳಿಯಾಗಿರಬೇಕಾದದ್ದು ಕಪ್ಪಾಗಿ, ಹಿಡಿದರೆ ಪಟಕ್ಕನೆ ಮುರಿಯುತ್ತಿದ್ದರೆ ರೋಗ ಹತ್ತಿದೆ. ನೀರು ನಿಲ್ಲಿಸಿ, ಬಸಿಗಾಲುವೆ ತೆಗೆಯಿರಿ, ಲೀಟರಿಗೆ 2 ಗ್ರಾಂ ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಅಥವಾ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕರಗಿಸಿ ಬುಡದ ಮಣ್ಣು ನೆನೆಯುವಂತೆ ಹಾಕಿ. ಮೇಲಿನ ಭಾರ ಇಳಿಯಲು ಒಂದಿಷ್ಟು ಕೊಂಬೆ ಸವರಿ. ಮೊದಲ ಹಂತದಲ್ಲಿ ಹಿಡಿದರೆ ಉಳಿಯುತ್ತದೆ. ಮಲೆನಾಡಿನಲ್ಲಿ ಮಳೆಗಾಲದ ಮುನ್ನ ಕಾಂಡದ ಬುಡಕ್ಕೆ ಬೋರ್ಡೋ ಮುಲಾಮು ಬಳಿಯುವುದು ಪ್ರತಿವರ್ಷದ ಕೆಲಸವಾಗಲಿ.

ಹುಳದ ಕಾಟ ಮನೆಮಟ್ಟಿಗೆ ಅಷ್ಟೇನಿಲ್ಲ. ಬಿಳಿ ಹಿಟ್ಟು ತಿಗಣೆಗೆ ಬೇವಿನೆಣ್ಣೆ, ಸೋಪು ನೀರು. ಗೋಡಂಬಿ, ಚಹಾ ತೋಟದ ಸುತ್ತ ಇರುವವರಿಗೆ ಚಹಾ ಸೊಳ್ಳೆ ಎಂಬ ರಸ ಹೀರುವ ತಿಗಣೆ ಎಳೆಚಿಗುರಿಗೆ ಬರುತ್ತದೆ. ಕಾಯಿಯ ಮೇಲೆ ಕಪ್ಪು ಚುಕ್ಕೆ ಹರಡುವ ಚಿಬ್ಬು ರೋಗಕ್ಕೆ ಒಣಗಿದ ಕೊಂಬೆ ತೆಗೆದು ಗಾಳಿಯಾಡಿಸಿ, ಶೇಕಡಾ 1ರ ಬೋರ್ಡೋ ದ್ರಾವಣ (ಮುಲಾಮಿನ ಅದೇ ಮೈಲುತುತ್ತ, ಸುಣ್ಣವನ್ನು ತೆಳುವಾಗಿ ಕಲಸಿದ್ದು) ಒಂದು ಸಲ ಸಿಂಪಡಿಸಿ. ಮಂಗ, ಅಳಿಲಿಗೆ ಬಲೆಯ ಚೀಲ ಕಟ್ಟುವುದಷ್ಟೇ ದಾರಿ.

ತಾರಸಿಯಲ್ಲಿ ಡ್ರಮ್ಮಿನಲ್ಲಿ ಬೆಳೆಯಬಹುದೇ ಎಂದು ಕೇಳುವವರಿಗೆ: 200 ಲೀಟರ್ ಡ್ರಮ್, ಸುತ್ತ ತೂತು, ಹಗುರ ಮಣ್ಣು, ಕಸಿಗಿಡ ಇದ್ದರೆ ಗಿಡ ಬರುತ್ತದೆ, ಹಣ್ಣು ಕೈಬೆರಳೆಣಿಕೆಯಷ್ಟು. ನೆಲವಿದ್ದರೆ ನೆಲದಲ್ಲೇ ಹಾಕಿ.

ಕೊಯ್ಲು ಮತ್ತು ಹಣ್ಣು ಮಾಡುವುದು

ಬೆಣ್ಣೆ ಹಣ್ಣು ಮರದಲ್ಲಿ ಹಣ್ಣಾಗುವುದಿಲ್ಲ, ಬಲಿಯುತ್ತದೆ ಅಷ್ಟೆ. ಕೊಯ್ದ ಮೇಲೆ ಮೆತ್ತಗಾಗುವುದು. ನೇರಳೆ ತಳಿಯಾದರೆ ಬಣ್ಣ ತಿರುಗುವುದು ಗುರುತು. ಹಸಿರು ತಳಿಯಲ್ಲಿ ಸಿಪ್ಪೆಯ ಹೊಳಪು ಮಾಸಿ, ತೊಟ್ಟಿನ ಹತ್ತಿರ ಹಳದಿ ಛಾಯೆ ಬರುತ್ತದೆ. ಅನುಮಾನವಿದ್ದರೆ ಒಂದು ಕಾಯಿ ಕೊಯ್ದು ಹೋಳು ಮಾಡಿ. ಬೀಜದ ಸಿಪ್ಪೆ ಬಿಳಿಯಾಗಿ ದಪ್ಪವಿದ್ದರೆ ಇನ್ನೂ ಎಳೆಯದು, ಕಾಗದದಂತೆ ತೆಳುವಾಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಬಲಿತಿದೆ. ಎಳೆಯದನ್ನು ಕೊಯ್ದರೆ ಸಿಪ್ಪೆ ಸುಕ್ಕಾಗಿ, ತಿರುಳು ರಬ್ಬರಿನಂತೆ ಉಳಿಯುತ್ತದೆ. ಬೆಲೆ ಹೆಚ್ಚಿದೆಯೆಂದು ಮೇ ತಿಂಗಳಲ್ಲೇ ಕೆಡವಿ ಮಾರಿದ ಕಾಯಿ ತಿಂದವರು ಆಮೇಲೆ ನಮ್ಮ ಹಣ್ಣನ್ನೇ ಬೈಯುತ್ತಾರೆ. ಇದು ನನಗೆ ಬಹಳ ಬೇಸರದ ವಿಷಯ.

ಬಲೆ ಕಟ್ಟಿದ ದೋಟಿಯಿಂದ, ತೊಟ್ಟು ಅರ್ಧ ಅಂಗುಲ ಉಳಿಯುವಂತೆ ಕೊಯ್ಯಿರಿ. ತೊಟ್ಟು ಕಿತ್ತುಬಂದರೆ ಆ ತೂತಿನಿಂದಲೇ ಕೊಳೆ ಶುರು. ನೆಲಕ್ಕೆ ಬಿದ್ದದ್ದನ್ನು ಬೇರೆ ಇಡಿ. ಹುಲ್ಲಿನ ನಡುವೆ ಅಥವಾ ಕಾಗದದ ಚೀಲದಲ್ಲಿ ಒಂದು ಬಾಳೆಹಣ್ಣಿನ ಜೊತೆ ಇಟ್ಟರೆ ಐದರಿಂದ ಎಂಟು ದಿನದಲ್ಲಿ ಹದವಾಗುತ್ತದೆ. ಹೊಟ್ಟೆ ಭಾಗವನ್ನು ಬೆರಳಿಂದ ಒತ್ತಿ ಸಿಪ್ಪೆ ಕೆಡಿಸಬೇಡಿ, ತೊಟ್ಟಿನ ಬಳಿ ಹಗುರಾಗಿ ಒತ್ತಿ ನೋಡಿ. ಕಾಯಿಯನ್ನು ಫ್ರಿಜ್ಜಿನಲ್ಲಿಟ್ಟರೆ ಒಳಗೆ ಕಪ್ಪಾಗುತ್ತದೆ, ಹಣ್ಣಾದ ಮೇಲೆ ಇಟ್ಟರೆ ಮೂರು ನಾಲ್ಕು ದಿನ ತಡೆಯುತ್ತದೆ. ಒಮ್ಮೆಲೇ ಹಣ್ಣಾದರೆ ತಿರುಳಿಗೆ ನಿಂಬೆರಸ ಬೆರೆಸಿ ಡಬ್ಬಿಯಲ್ಲಿ ಫ್ರೀಜರಿಗೆ ಹಾಕಿಡಿ. ಜ್ಯೂಸಿಗೂ ಚಪಾತಿ ಹಿಟ್ಟಿಗೂ ತಿಂಗಳುಗಟ್ಟಲೆ ಬರುತ್ತದೆ.

ನಾಲ್ಕನೇ ಐದನೇ ವರ್ಷ ಹತ್ತಿಪ್ಪತ್ತು ಹಣ್ಣಿನಿಂದ ಶುರುವಾಗಿ, ಹತ್ತು ವರ್ಷದ ಮರ ಒಳ್ಳೆಯ ವರ್ಷದಲ್ಲಿ ಇನ್ನೂರು ಮುನ್ನೂರು ಕೊಡಬಹುದು. ಮಾರುವಾಗ ಜುಲೈ, ಆಗಸ್ಟ್‌ನಲ್ಲಿ ಕೊಡಗಿನ ಹಣ್ಣು ಸುರಿಯುವ ಹೊತ್ತಿಗೆ ಮಂಡಿಗೆ ಒಯ್ದರೆ ಗಿಟ್ಟುವುದಿಲ್ಲ. ಬಲಿತ ಕಾಯಿ ಮರದಲ್ಲೇ ಕೆಲವು ವಾರ ಇರುವುದರಿಂದ ಎಲ್ಲವನ್ನೂ ಒಂದೇ ದಿನ ಕೊಯ್ಯಬೇಕಿಲ್ಲ. ವಾರಕ್ಕೆ ಹತ್ತು ಹದಿನೈದು ಕಿಲೋ ಕೊಯ್ದು, ಬೀದಿಯವರಿಗೂ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೂ ನೇರ ಕೊಡಿ. ಅಂಗಡಿಗಿಂತ ಮೂವತ್ತು ನಲವತ್ತು ರೂಪಾಯಿ ಕಡಿಮೆ ಹಿಡಿದರೂ ದಲ್ಲಾಳಿ ಕೊಡುವುದಕ್ಕಿಂತ ಹೆಚ್ಚೇ ಸಿಗುತ್ತದೆ. ಕೊಯ್ದ ದಿನಾಂಕವನ್ನೂ, ಎಷ್ಟು ದಿನಕ್ಕೆ ಹದವಾಗುತ್ತದೆ ಎಂಬುದನ್ನೂ ಚೀಲದ ಮೇಲೆ ಬರೆದು ಕೊಡಿ.